ಸಿನಿಮಾದವರ ಮುಯ್ಯಾಳು

ಅಸ್ಸಾಮಿನ ಬಾಲಿಸೂತಿಯಲ್ಲಿ ಒಂದು ಮನೆ ಎಬ್ಬಿಸಲು ತಗಲುವ ವೆಚ್ಚ ಇಷ್ಟು: ಮುನ್ನೂರು ಬಿದಿರು, ಹದಿನೆಂಟು ಮರದ ಕಂಬ, ಎರಡು ದೋಣಿ ತುಂಬ ಹುಲ್ಲು, ನಾಲ್ಕು ಹೊರೆ ಬೆತ್ತ, ಒಂದು ಕೊಬ್ಬಿದ ಹಂದಿ, ಆರು ಕೊಡ ಆಪೊಂಗ್, ಇಪ್ಪತ್ತಾರು ಜನರ ನಾಲ್ಕು ದಿನದ ದುಡಿಮೆ. ಬಿದಿರು ಹಿತ್ತಲಿನದು. ಹುಲ್ಲು ಸುಬನಸಿರಿ ಹೊಳೆಯ ಮರಳುದಿಬ್ಬದ್ದು. ಹಂದಿ ಮನೆಯ ಕೆಳಗೇ, ಕಂಬಗಳ ನಡುವೆ ಬೆಳೆದದ್ದು. ಆಪೊಂಗ್ ಹೆಂಗಸರೇ ಅಕ್ಕಿಗೆ ಹುದುಗು ಹಾಕಿ ಇಳಿಸಿದ ಕಳ್ಳು. ರೂಪಾಯಿ ಅನ್ನುವುದು ಮೊಳೆ ತರುವಾಗ ಮಾತ್ರ ಚೀಲದಿಂದ ಹೊರಗೆ ಬರುತ್ತದೆ.

ಇದರಲ್ಲಿ ದುಬಾರಿಯದು ಕೊನೆಯದು. ಆ ಇಪ್ಪತ್ತಾರು ಜನ ಬಿಟ್ಟಿ ಬಂದವರಲ್ಲ. ಮನೆಯವನು ಅಡಿಕೆ ಎಲೆ ಹಿಡಿದು ಬಾಗಿಲಿಗೆ ಹೋಗಿ ಕರೆದಿದ್ದಕ್ಕೆ ಬಂದವರು. ನಾಳೆ ಅವರಲ್ಲಿ ಯಾರಾದರೂ ಅಡಿಕೆ ಎಲೆ ಹಿಡಿದು ಬಂದರೆ ಇವನೂ ಹೋಗಬೇಕು. ಜ್ವರ ಬಂದಿದ್ದರೆ ಬದಲಿ ಆಳನ್ನು ಕಳಿಸಬೇಕು. ಸತ್ತಿದ್ದರೆ ಮಗ ಹೋಗಬೇಕು. ರಿಕ್ಬೊ ಅನ್ನುತ್ತಾರೆ ಅದಕ್ಕೆ. ಮುಯ್ಯಾಳು. ಒಂದು ಮನೆ ಕಟ್ಟಿಸಿಕೊಂಡವನು ಎರಡು ವರ್ಷ ಊರಿನವರ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಅದನ್ನು ತೀರಿಸುತ್ತಾನೆ.

ಅಂಥ ಊರಿಗೆ, ನೆರೆ ಇಳಿದು ಗದ್ದೆಯ ಮೇಲೆ ಹೊಸ ಹೂಳು ನಿಂತಿದ್ದಾಗ, ಗುವಾಹಾಟಿಯಿಂದ ಸಿನಿಮಾದವರು ಬಂದರು. ನಿಮ್ಮ ಮಿಸಿಂ ಬುಡಕಟ್ಟಿನ ಹೆಣ್ಣಿನ ಕಥೆ, ಮಿಸಿಂ ಭಾಷೆಯಲ್ಲೇ ಮಾಡುತ್ತೇವೆ ಅಂದರು. ಊರು ಉಬ್ಬಿಹೋಯಿತು. ಸಂತೆಗೆ ಹೋದಾಗ ತಮ್ಮ ಮಾತು ಕೇಳಿ ಕಿಸಕ್ಕನೆ ನಗುವವರನ್ನೇ ಕಂಡಿದ್ದ ಜನ. ಅದೇ ಮಾತು ಕೇಳಲು ಇನ್ನು ಟಿಕೆಟ್ ತೆಗೆದುಕೊಳ್ಳುತ್ತಾರಂತೆ.

ಮ್ಯಾನೇಜರ್ ಹೇಮಕಾಂತ ಪಾಯೆಂಗ್ ಧೇಮಾಜಿ ಪೇಟೆಯ ಹುಡುಗ. ಅವನೂ ಮಿಸಿಂನವನೇ. ಅವನ ಅಜ್ಜನ ಊರು ಎರಡು ಹೊಳೆ ಆಚೆ. ಹತ್ತು ಜೇಬಿನ ಅಂಗಿ ತೊಟ್ಟುಕೊಂಡು ಬಂದು, ಊರಿನ ಯಜಮಾನ, ಗಾಂವ್‌ಬುರಾ ಆದ ಮುದುಕ ದುರ್ಗೇಶ್ವರ ಪೆಗುವಿನ ಜಗಲಿಯಲ್ಲಿ ಕೂತ.

"ಮಾವ, ಸಿನಿಮಾಕ್ಕೊಂದು ಮನೆ ಬೇಕು. ಹಳೇ ಕಾಲದ್ದು."

"ಮೂವತ್ತು ಮನೆ ಅವೆ. ಯಾವ್ದಾದ್ರೂ ತಗೊ."

"ಎಲ್ಲದರ ಮೇಲೂ ತಗಡು ಇದೆ, ಸೋಲಾರ್ ಇದೆ, ಪ್ಲಾಸ್ಟಿಕ್ ಬಕೀಟು ಇದೆ. ನಿಜವಾದ ಹಳ್ಳಿ ಅಂದ್ರೆ ಅದೆಲ್ಲ ಇರಬಾರದು ಅಂತಾರೆ ನಮ್ಮ ಡೈರೆಕ್ಟ್ರು."

"ನೀರು ನಿನ್ನ ಟೋಪೀಲಿ ತರಬೇಕಾ?" ಎಂದು ಒಳಗಿನಿಂದ ನೊಮಲಿ ದೋಲೆ ಕೇಳಿದಳು. ದೋಣಿ ನಡೆಸುವವನ ಹೆಂಡತಿ. ಯಾರ ಮನೆಯ ಜಗಲಿಯ ಮಾತಿಗಾದರೂ ಒಳಗಿನಿಂದ ಉತ್ತರ ಕೊಡುವ ಹಕ್ಕು ಅವಳಿಗೆ ಹುಟ್ಟಿನಿಂದ ಬಂದಿತ್ತು. "ಕಟ್ಟಿಕೊಟ್ರೆ ಕೂಲಿ ಎಷ್ಟಪ್ಪ?"

"ಅತ್ತೆ, ನಾನೇನು ಕಂಟ್ರಾಕ್ಟರಾ ಕೂಲಿ ಮಾತಾಡೋಕೆ? ನಾನೂ ಪಾಯೆಂಗರ ಹುಡುಗ. ನಮ್ಮಲ್ಲಿ ಮನೆ ಕಟ್ಟೋಕೆ ಯಾರಾದ್ರೂ ಕೂಲಿ ಈಸ್ಕೋತಾರಾ? ನಮ್ಮ ಪದ್ಧತಿ ಪ್ರಕಾರ ಮಾಡೋಣ. ರಿಕ್ಬೊ. ಹಂದಿ ನಮ್ಮದು, ಕಳ್ಳಿಗೆ ಅಕ್ಕಿ ನಮ್ಮದು."

ಪೇಟೆ ಹುಡುಗನ ಬಾಯಲ್ಲಿ ಆ ಮಾತು ಕೇಳಿ ಮುದುಕ ಕರಗಿಹೋದ. ಒಪ್ಪಿಬಿಟ್ಟ.

ನಿರ್ದೇಶಕ ಕಾಕತಿಗೂ ಆ ಪದ್ಧತಿ ಬಹಳ ಹಿಡಿಸಿತು. ಕಂಚಿನ ತಟ್ಟೆಯಲ್ಲಿ ಅಡಿಕೆ ಎಲೆ ಇಟ್ಟುಕೊಂಡು ತಾನೇ ಮನೆಮನೆಯ ಏಣಿ ಹತ್ತಿ ಕರೆದ. ಹಿಂದೆ ಕ್ಯಾಮೆರಾ ಓಡುತ್ತಿತ್ತು. ಬೆಳಕು ಸರಿಬರಲಿಲ್ಲವೆಂದು ಮೂರು ಸಲ ಕರೆದ.

"ಮೂರು ಸಲ ಕರೆಸ್ಕೊಂಡು ಒಂದೇ ಸಲ ಹೋಗೋದು ಮರ್ಯಾದೆ ಅಲ್ಲ ಕಣ್ರೇ," ಅಂದಳು ನೊಮಲಿ.

ನಾಲ್ಕು ದಿನದಲ್ಲಿ ಮನೆ ಎದ್ದಿತು. ನಾಟಿಯ ಕಾಲದ ನಾಲ್ಕು ದಿನ. ಎಲ್ಲರ ಗದ್ದೆಯ ಸರದಿಯೂ ಅಷ್ಟಷ್ಟು ಹಿಂದೆ ಹೋಯಿತು.

ಮಾಲೊತಿ ತಾಯೆ ಆ ನಾಲ್ಕು ದಿನವೂ ಹುಲ್ಲು ಹೊತ್ತಳು. ನಲವತ್ತೊಂದು ವರ್ಷದ ಗಟ್ಟಿ ಹೆಂಗಸು. ಗಂಡ ಹೊಳೆಯ ನಡುದಿಬ್ಬದಲ್ಲಿ ಊರವರ ಎಮ್ಮೆ ಕಾಯಲು ಹೋದವನು, ಚಳಿ ಶುರುವಾಗುವವರೆಗೆ ಬರುವುದಿಲ್ಲ. ಇದ್ದದ್ದು ಮೂರು ಬಿಘಾ, ಅಂದರೆ ಒಂದು ಎಕರೆಯಷ್ಟು ಗದ್ದೆ. ಮೊದಲ ಸಸಿಮಡಿಯನ್ನು ನೆರೆ ಒಯ್ದಿತ್ತು. ನೊಮಲಿ ಕೊಟ್ಟ ಬೀಜವನ್ನು ಮನೆಯ ಹಿಂದಿನ ದಿಬ್ಬದ ಮೇಲೆ ಚೆಲ್ಲಿ ಎರಡನೆಯ ಮಡಿ ಎಬ್ಬಿಸಿದ್ದಳು. ಮೂರನೆಯದಕ್ಕೆ ಬೀಜವೂ ಇಲ್ಲ, ದಿನವೂ ಇಲ್ಲ. ಸಸಿ ನಲವತ್ತು ದಿನ ದಾಟಿದರೆ ಮಡಿಯಲ್ಲೇ ಗಂಟು ಕಟ್ಟುತ್ತದೆ. ಆಮೇಲೆ ನೆಟ್ಟರೆ ಹುಲ್ಲು ಬರುತ್ತದೆ, ಭತ್ತ ಬರುವುದಿಲ್ಲ. ಒಬ್ಬಳೇ ನೆಟ್ಟರೆ ಹದಿನೈದು ದಿನದ ಕೆಲಸ. ಊರು ಇಳಿದರೆ ಒಂದೇ ದಿನದ್ದು. ಸರದಿಯಲ್ಲಿ ಅವಳಿಗೆ ಗುರುವಾರ ಬಂದಿತ್ತು. ಆ ದಿನಕ್ಕೆ ಸಸಿಗೆ ಮೂವತ್ತಾರು ದಿನ ಆಗುತ್ತಿತ್ತು. ಆ ಗುರುವಾರ ಬಿಟ್ಟರೆ ವರ್ಷದ ಊಟ ಬಿಟ್ಟಂತೆ.

ಅಷ್ಟರಲ್ಲಿ ಸಿನಿಮಾದವರಿಗೆ ಅವಳ ಕೈ ಬೇಕಾಯಿತು.

ಕಥೆಯಲ್ಲಿ ನಾಯಕಿ ದಿನವಿಡೀ ಮಗ್ಗದಲ್ಲಿ ಕೂತು ನೇಯುತ್ತಾಳೆ. ನಾಯಕಿಯಾಗಿ ಬಂದ ಅನ್ವೇಷಾ ಎಂಬ ಹುಡುಗಿಗೆ ಲಾಳಿ ಯಾವ ಕಡೆಯಿಂದ ತೂರಬೇಕೆಂದೂ ಗೊತ್ತಿರಲಿಲ್ಲ. ಹೊಳೆಯ ಈ ದಂಡೆಯಲ್ಲಿ ಮಾಲೊತಿಯಷ್ಟು ಚುರುಕಾಗಿ ನೇಯುವವರು ಇನ್ನೊಬ್ಬರಿಲ್ಲ. ಹಾಗಾಗಿ ಮೊಣಕೈವರೆಗೆ ಮಾಲೊತಿ, ಅಲ್ಲಿಂದ ಮೇಲಕ್ಕೆ ಅನ್ವೇಷಾ. ಒನಕೆ ಹಿಡಿಯುವಾಗಲೂ ಹಾಗೆಯೇ. ಏಣಿ ಹತ್ತುವ ಪಾದ ಮಾಲೊತಿಯದು. ಭತ್ತದ ಬುಟ್ಟಿ ಹೊತ್ತ ಬೆನ್ನು ಮಾಲೊತಿಯದು. ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುವ ಹಣೆ ಅನ್ವೇಷಾಳದು. ಆ ಬೆವರನ್ನೂ ಬಾಟಲಿಯಿಂದ ಚಿಮುಕಿಸುತ್ತಿದ್ದರು.

ಅನ್ವೇಷಾ ಬೆಳ್ಳಗಿದ್ದಳು. ಮಾಲೊತಿ ಗದ್ದೆಯ ಬಣ್ಣ. ಎರಡೂ ಒಂದೇ ಮೈ ಅನ್ನಿಸಬೇಕಲ್ಲ. ಮೇಕಪ್ಪಿನವನು ದಿನಾ ಬೆಳಿಗ್ಗೆ ನಾಯಕಿಯ ಮುಖಕ್ಕೆ ಕಂದು ಬಳಿಯುತ್ತಿದ್ದ, ಮಾಲೊತಿಯ ಕೈಗೆ ಬಿಳಿ ಬಳಿಯುತ್ತಿದ್ದ. ಉಗುರಿನ ಸಂದಿಯನ್ನು ಸೂಜಿಯಿಂದ ಕೆರೆದ. ಅಂಗೈಯ ಜಡ್ಡನ್ನು ಕಲ್ಲಿನಿಂದ ಉಜ್ಜಿದ. ಉಜ್ಜಿದ ಜಾಗ ಎರಡು ದಿನ ಉರಿಯಿತು.

"ಅತ್ತಿಗೆ, ನಿನ್ನ ಕೈ ಮದುವೆಗೆ ಹೊರಟಂಗೈತೆ," ಅಂದಳು ನೊಮಲಿ. "ಮಿಕ್ಕಿದ ಮೈಗೆ ಕರೆ ಬಂದಿಲ್ವಾ?"

ಮಾಲೊತಿ ನಕ್ಕಳು. ಆದರೂ ಒಂದು ದಿನ ಹೇಮಕಾಂತನನ್ನು ಕೇಳಿಯೇಬಿಟ್ಟಳು.

"ಕೈ ನಂದು, ಕಾಲು ನಂದು. ಮುಖ ಯಾಕೆ ಬ್ಯಾಡ?"

"ನಿಮ್ಮ ಮುಖ ಪರದೆ ಮೇಲೆ ಮಿಸಿಂ ಥರ ಕಾಣಲ್ಲ ಬಾಯ್ದೇವ್," ಅಂದ ಹೇಮಕಾಂತ. ಅಕ್ಕ ಅನ್ನುವುದನ್ನು ಅವನು ಪೇಟೆಯ ಅಸ್ಸಾಮಿಯಲ್ಲೇ ಅನ್ನುತ್ತಿದ್ದ. "ನೋಡೋ ಜನ ಮಿಸಿಂ ಅಂದ್ರೆ ಬೇರೆ ಏನೋ ಅಂದ್ಕೊಂಡಿರ್ತಾರೆ."

ಮಾಲೊತಿ ಮನೆಗೆ ಬಂದು ನೀರಿನ ಕೊಡದೊಳಗೆ ಇಣುಕಿ ನೋಡಿದಳು. ಇಷ್ಟು ವರ್ಷ ಈ ಮುಖ ಹೊತ್ತುಕೊಂಡು ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಮಿಸಿಂನವಳು ಅನ್ನಿಸಿಕೊಂಡು ಹಿಂದೆ ನಿಂತದ್ದೆಲ್ಲ ಹಾಗಾದರೆ ಯಾವ ಲೆಕ್ಕಕ್ಕೆ?

ಕೈಗೆ ಕೂಲಿ ಎಷ್ಟೆಂದು ಕೇಳಿದಳು. ಸಿನಿಮಾ ನಿಮ್ಮದೇ ಭಾಷೆಯದು, ನಿಮ್ಮ ಜನಾಂಗದ ಸೇವೆ ಅಂದರು. ಆಮೇಲೆ ನೋಡೋಣ ಅಂದರು. ಊಟದ ಹೊತ್ತಿಗೆ ಸಿನಿಮಾದವರು ಕುರ್ಚಿ ಹಾಕಿಕೊಂಡು ಮೊದಲು ಉಣ್ಣುತ್ತಿದ್ದರು. ಊರವರು ಆಮೇಲೆ. ಮಾಲೊತಿಗೆ ಎಲ್ಲರ ಆಮೇಲೆ, ಯಾಕೆಂದರೆ ಕೈಯ ಬಣ್ಣ ಹೋಗಬಾರದು. ಹಸಿದು ಕೈ ಚಾಚಿಕೊಂಡು ಕೂತಿರುತ್ತಿದ್ದಳು. ಒಮ್ಮೊಮ್ಮೆ ನೊಮಲಿ ಬಾಯಿಗೆ ಅವಲಕ್ಕಿ ತುರುಕಿ ಹೋಗುತ್ತಿದ್ದಳು.

ಅವಳು ಮೂರು ವಾರ ಕೂತು ನೇಯ್ದ ಉಡುಗೆಯೊಂದನ್ನು ನಾಯಕಿಗೆಂದು ಇಸಿದುಕೊಂಡರು. ಮಾರನೆಯ ದಿನ ನೋಡಿದರೆ ಅದನ್ನು ಇಟ್ಟಿಗೆಯಿಂದ ಉಜ್ಜಿ ಎರಡು ಕಡೆ ಹರಿದಿದ್ದರು.

"ಇದೇನಾಯ್ತು?"

"ಬಡವರ ಕಥೆ ಅಲ್ವಾ ಬಾಯ್ದೇವ್. ಹೊಸದು ಉಟ್ರೆ ನಂಬಲ್ಲ."

"ಬಡವರು ಬಟ್ಟೆ ಹರಿದ್ರೆ ಹೊಲ್ಕೋತಾರಪ್ಪ. ಹಂಗೇ ಉಡಲ್ಲ."

ಯಾರೂ ಬರೆದುಕೊಳ್ಳಲಿಲ್ಲ. ಮಾಲೊತಿ ಮತ್ತೆ ಮಗ್ಗಕ್ಕೆ ಹೋಗಿ ಕೂತಳು. ಬಟ್ಟೆ ಇನ್ನೊಂದು ನೇಯ್ದರಾಯಿತು. ಗುರುವಾರ ಬರುತ್ತಿತ್ತು.

ಬುಧವಾರ ಸಂಜೆ ಗಾಂವ್‌ಬುರಾ ಅವಳ ಏಣಿಯ ಬುಡಕ್ಕೆ ಬಂದು ನಿಂತ. ಮೇಲೆ ಹತ್ತಲಿಲ್ಲ. ಕೆಟ್ಟ ಸುದ್ದಿ ತಂದವರು ಹತ್ತುವುದಿಲ್ಲ.

"ಮಗಳೇ, ನಾಳೆ ಬಿತ್ತನೆ ಹಬ್ಬದ ಸೀನು ಐತಂತೆ. ಇಡೀ ಊರು ಕುಣೀಬೇಕಂತೆ."

"ಮಾವ, ನಾಳೆ ನನ್ನ ಗದ್ದೆ."

"ಒಂದು ದಿನ ತಾನೇ. ಆ ಹುಡುಗ ಕೈ ಮುಗಿದು ಕೇಳ್ದ."

"ಹಬ್ಬ ಬರೋದು ಫಾಲ್ಗುಣದಲ್ಲಿ. ಭಾದ್ರಪದದಲ್ಲಿ ಬಿತ್ತನೆ ಕುಣಿತ ಕುಣಿದ್ರೆ ಭೂಮಿಗೆ ಏನನ್ನಿಸ್ತದೆ?"

"ಸುಳ್ಳು ಹಬ್ಬ ಅಂತ ಭೂಮಿಗೂ ಗೊತ್ತಾಗ್ತದೆ ಬಿಡು."

"ಭೂಮಿಗೆ ಗೊತ್ತಾಗ್ತದೆ. ನನ್ನ ಸಸಿಗೆ ಗೊತ್ತಾಗಲ್ಲ ಮಾವ."

ಮುದುಕ ತಲೆ ಕೆರೆದುಕೊಂಡು ಹೋದ.

ಗುರುವಾರ ಊರು ಕುಣಿಯಿತು. ಉರಿಬಿಸಿಲಲ್ಲಿ ಹಬ್ಬದ ಬಟ್ಟೆ ಉಟ್ಟು, ಡೋಲು ಬಡಿದು, ಬೆವರಿನಲ್ಲಿ ತೊಯ್ದು, ಬೆಳಗಿಂದ ಸಂಜೆವರೆಗೆ ಒಂದೇ ಹಾಡಿಗೆ ಹನ್ನೊಂದು ಸಲ ಕುಣಿಯಿತು. ಹಬ್ಬದ ಎಲೆಗಂಟಿನೊಳಗೆ ಅನ್ನದ ಬದಲು ಹೊಟ್ಟು ತುಂಬಿದ್ದರು. ಗೊತ್ತಿಲ್ಲದೆ ಬಿಚ್ಚಿ ಬಾಯಿಗೆ ಹಾಕಿಕೊಂಡ ಇಬ್ಬರು ಮುದುಕರು ಉಗಿಯುತ್ತ ಕೂತರು. ಊರಿಗೆ ನಗು. ಮಾಲೊತಿಗೂ ನಗು ಬಂತು, ನಗುತ್ತಲೇ ದಿನ ಎಣಿಸಿದಳು. ಶುಕ್ರವಾರ ಇನ್ನೊಬ್ಬರ ಗದ್ದೆ, ಶನಿವಾರ ಭಾನುವಾರ ಮತ್ತೆ ಸಿನಿಮಾ, ಸೋಮವಾರದಿಂದ ಊರಿನ ಬಹುಪಾಲು ಜನಕ್ಕೆ ಹೊಳೆಯ ಒಡ್ಡಿಗೆ ಮರಳುಚೀಲ ಹಾಕುವ ಸರ್ಕಾರಿ ಕೆಲಸ, ಹತ್ತು ದಿನ. ಸಸಿ ಅಷ್ಟು ದಿನ ಕಾಯುವುದಿಲ್ಲ.

ಸಂಜೆ ಹೇಮಕಾಂತ ತಾನಾಗಿ ಬಂದ.

"ಬಾಯ್ದೇವ್, ಬೇಜಾರು ಮಾಡ್ಕೋಬೇಡಿ. ಶನಿವಾರ ನಾಟಿ ಸೀನು ಇದೆ. ನಿಮ್ಮ ಗದ್ದೇಲೇ ಇಟ್ಕೊಂಡಿದ್ದೀವಿ. ಊರೂ ಇರುತ್ತೆ, ನಾವೂ ಇರ್ತೀವಿ. ನಿಮ್ಮ ನಾಟಿ ಆಗೇ ಹೋಗುತ್ತೆ."

ಆ ರಾತ್ರಿ ಮಾಲೊತಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಬೆಳಕು ಹರಿಯುವ ಮೊದಲೇ ಮಡಿಗೆ ಇಳಿದು ನಲವತ್ತು ಕಟ್ಟು ಸಸಿ ಕಿತ್ತಳು. ಬೇರು ತೊಳೆದಳು. ಬುಟ್ಟಿಯಲ್ಲಿ ಹೊತ್ತು ಬದುವಿನ ಮೇಲೆ ಸಾಲಾಗಿ ಜೋಡಿಸಿದಳು. ಮಡಿಯಲ್ಲಿ ಇನ್ನೂ ಅಷ್ಟೇ ಇತ್ತು. ಊರಿನವರು ಮಂಡಿವರೆಗೆ ಬಟ್ಟೆ ಎತ್ತಿಕಟ್ಟಿ ಬಂದರು. ಬಂದವರಿಗೆಲ್ಲ ಹೇಮಕಾಂತ ಕೆಲಸ ಹಚ್ಚಿದ. ನಾಲ್ವರು ಜನರೇಟರ್ ಹೊರಲು. ಆರು ಜನ ತಂತಿ ಹಿಡಿಯಲು. ನೊಮಲಿ ಬಿಸಿಲನ್ನು ತಿರುಗಿಸಲು ಬಿಳಿ ಹಲಗೆ ಹಿಡಿದು ನಿಲ್ಲಲು. ಮಿಕ್ಕವರು ಬದುವಿನ ಮೇಲೆ ಸದ್ದು ಮಾಡದೆ ಕೂತಿರಲು. ಗದ್ದೆಗೆ ಇಳಿದವರು ಇಬ್ಬರೇ, ಅನ್ವೇಷಾ ಮತ್ತು ಮಾಲೊತಿ.

ಮೂಲೆಯೊಂದರಲ್ಲಿ ಎರಡು ಸಾಲು ನೆಡಬೇಕು. ಕ್ಯಾಮೆರಾ ಕೈ ಕಾಣುವಷ್ಟು ಕೆಳಗಿತ್ತು. ಮಾಲೊತಿ ನೆಟ್ಟಳು.

"ಮೋಡ ಬಂತು," ಎಂದ ಕಾಕತಿ. "ಇನ್ನೊಂದು ಸಲ."

"ಮುಂದಿನ ಸಾಲು ನೆಡ್ಲಾ?"

"ಬೇಡ ಬೇಡ. ಗದ್ದೆ ಮೊದಲಿದ್ದ ಹಾಗೇ ಇರಬೇಕು. ಅದನ್ನೇ ಕಿತ್ತು ಮತ್ತೆ ನೆಡಿ."

ಕಿತ್ತಳು. ನೆಟ್ಟಳು. ಎರಡನೆಯ ಸಲ ಹಂದಿಯೊಂದು ಬದು ದಾಟಿ ಬಂತು. ಕಿತ್ತಳು. ಮೂರನೆಯ ಸಲ ಅನ್ವೇಷಾಳ ಕಾಲಿಗೆ ಜಿಗಣೆ ಹತ್ತಿ ಅವಳು ಚೀರಿದಳು. ಕಿತ್ತಳು. ನಾಲ್ಕನೆಯ ಸಲ ಎಲ್ಲವೂ ಸರಿಯಾಯಿತು ಅನ್ನುವಾಗ ಕಾಕತಿ ಕಣ್ಣು ಕಿರಿದು ಮಾಡಿದ.

"ಕೈ ಕಪ್ಪಗಾಗಿಬಿಟ್ಟಿದೆ."

ಕೆಸರಿನಲ್ಲಿ ಬಣ್ಣ ತೊಳೆದುಹೋಗಿತ್ತು. ಮೇಕಪ್ಪಿನವನು ಚಪ್ಪಲಿ ಬಿಟ್ಟು, ಡಬ್ಬಿ ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಗದ್ದೆಗೆ ಬಂದ. ಕೆಸರಿನ ಕೈ ಒರೆಸಿ ಬಿಳಿ ಬಳಿದ. ಮತ್ತೆ ಕೆಸರಿಗೆ ಹಾಕಬೇಕಾದ ಕೈ.

ಮೂರು ಸಲ ಕಿತ್ತ ಸಸಿಯ ಬೇರು ಹರಿದಿತ್ತು. ಕಾಂಡ ಬಾಡಿ ಬಾಗಿತ್ತು. ಆ ಎರಡು ಸಾಲಿಗೆ ಹೋದ ನಾಲ್ಕು ಕಟ್ಟೂ ಹಾಳಾಗಿ ನೀರಿನ ಮೇಲೆ ಒರಗಿದ್ದವು. ಬದುವಿನ ಮೇಲಿನ ಕಟ್ಟುಗಳು ಬಿಸಿಲಿಗೆ ತುದಿ ಸುರುಟಿಕೊಳ್ಳುತ್ತಿದ್ದವು. ನಡುಹಗಲಾಗಿತ್ತು. ಗದ್ದೆಯಲ್ಲಿ ನೆಟ್ಟಗೆ ಒಂದೇ ಒಂದು ಸಸಿ ನಿಂತಿರಲಿಲ್ಲ.

"ಇದಾದ್ಮೇಲೆ ಮಿಕ್ಕ ಗದ್ದೆ ಯಾವಾಗ?" ಎಂದು ಕೇಳಿದಳು ಮಾಲೊತಿ.

"ಮಿಕ್ಕಿದ್ದು ಬೇಡ ಬಾಯ್ದೇವ್, ಈ ಮೂಲೆ ಸಾಕು," ಅಂದ ಹೇಮಕಾಂತ ಗಡಿಯಾರ ನೋಡುತ್ತ. "ಊಟ ಆದ್ಮೇಲೆ ಎಲ್ಲರೂ ಹೊಳೆ ಹತ್ರ ಹೋಗಬೇಕು. ದೋಣಿ ಸೀನಿದೆ. ಈಗ ಬೇಗ ಕಿತ್ತು ಮತ್ತೆ ನೆಡಿ, ಐದನೇ ಸಲ."

ಮಾಲೊತಿ ಬೆನ್ನು ನೆಟ್ಟಗೆ ಮಾಡಿದಳು. ಸೊಂಟದ ಎಲುಬು ಲಟಕ್ಕಂದಿತು.

"ಕೀಳಲ್ಲ."

"ಏನು?"

"ಕೀಳಲ್ಲ ಅಂದೆ. ನನ್ನ ಕೈ ನೆಡೋ ಕೈ. ಮೂರು ಸಲ ಕಿತ್ತಾಗ್ಲೇ ತಪ್ಪಾಯ್ತು."

"ಒಂದೇ ಒಂದು ಸಲ ಬಾಯ್ದೇವ್..."

"ನಿನ್ನ ಹತ್ರ ಮಾತಿಲ್ಲ ನಂಗೆ."

ಅವಳು ಬಗ್ಗಿ ಗದ್ದೆಯ ನೀರಿನಲ್ಲೇ ಕೈ ತೊಳೆದಳು. ಬಿಳಿ ಬಣ್ಣ ಹಾಲಿನ ಕೆನೆಯ ಹಾಗೆ ತೇಲಿತು. ಬದು ಹತ್ತಿದಳು. ಬೆನ್ನಿಗೆ ಕಟ್ಟಿದ್ದ ಬಟ್ಟೆಯ ಗಂಟಿನಿಂದ ಅಡಿಕೆ ಎಲೆ ತೆಗೆದು, ಎರಡೂ ಅಂಗೈ ಜೋಡಿಸಿ ಅದರ ಮೇಲಿಟ್ಟುಕೊಂಡು, ಛತ್ರಿಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಕಾಕತಿಯ ಮುಂದೆ ನಿಂತಳು.

"ಸರ್, ನೀವು ಅಡಿಕೆ ಎಲೆ ಕೊಟ್ಟು ಕರೆದ್ರಿ. ನಾವು ಬಂದ್ವಿ. ಮನೆ ಕಟ್ಟಿಕೊಟ್ವಿ. ಇವತ್ತು ನಾನು ಕರೀತಾ ಇದೀನಿ. ನನ್ನ ಗದ್ದೆಗೆ ಬನ್ನಿ."

ಕಾಕತಿ ಕೈ ಚಾಚಿದ. ಹೇಮಕಾಂತ ಓಡಿಬಂದು ಅವನ ಕಿವಿಗೆ ಬಾಯಿಟ್ಟ. ಗುಟ್ಟು ಅಂದುಕೊಂಡದ್ದು ಮೂರು ಬಿಘಾಕ್ಕೂ ಕೇಳಿಸಿತು.

"ತಗೋಬೇಡಿ ಸರ್. ತಗೊಂಡ್ರೆ ಗದ್ದೆಗೆ ಇಳೀಬೇಕು."

"ಅಂದ್ರೆ?"

"ರಿಕ್ಬೊ ಅಂದ್ರೆ ವಾಪಸ್ಸು ದುಡೀಬೇಕು ಸರ್."

"ಇದನ್ನ ನೀನು ಹೇಳೇ ಇಲ್ಲವಲ್ಲ."

"ನೀವು ಕೇಳಲಿಲ್ಲ ಸರ್. ಖರ್ಚು ಕಮ್ಮಿ ಮಾಡು ಅಂದ್ರಿ. ಮಾಡ್ದೆ." ಆಮೇಲೆ ಮಾಲೊತಿಯ ಕಡೆ ತಿರುಗಿದ. "ಬಾಯ್ದೇವ್, ಎಲ್ಲರ ಮುಂದೆ ಯಾಕಿದೆಲ್ಲ. ಕೂಲಿ ಕೊಡಿಸ್ತೀನಿ. ಎಷ್ಟು ಬೇಕು ಹೇಳಿ."

"ಕೂಲಿ ನನ್ನ ಕೈದು, ಹನ್ನೆರಡು ದಿನದ್ದು. ಅದನ್ನ ಬೇರೆ ಕೇಳ್ತೀನಿ, ಬಿಡಲ್ಲ. ಇದು ಮನೇದು. ಇದಕ್ಕೆ ದುಡ್ಡು ನಡೆಯಲ್ಲ. ದುಡ್ಡು ಬಗ್ಗಿ ಸಸಿ ನೆಡ್ತದಾ?"

"ಅವರು ಗುವಾಹಾಟಿಯೋರು. ಅವರಿಗೆ ನಮ್ಮ ಪದ್ಧತಿ..."

"ಪದ್ಧತಿ ಅಂತ ಹೇಳಿದೋನು ನೀನು."

ಎಲ್ಲರೂ ಗಾಂವ್‌ಬುರಾನ ಮುಖ ನೋಡಿದರು. ಮುದುಕ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದ. ಏಳುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

"ಹೇಮಕಾಂತ, ಪದ್ಧತೀಲಿ ಅರ್ಧ ಅಂತಿಲ್ಲ ಕಣಪ್ಪ. ಉಣ್ಣೋ ಕಡೆ ಅರ್ಧ ಇಟ್ಕೊಂಡು ದುಡಿಯೋ ಕಡೆ ಅರ್ಧ ಬಿಡೋಕೆ ಬರಲ್ಲ. ನಂದೂ ತಪ್ಪೈತೆ. ನೀನು ಆ ಮಾತು ಅಂದಾಗ ನಂಗೆ ಖುಷಿ ಆಗೋಯ್ತು, ಮುಂದಿಂದು ಕೇಳ್ಲಿಲ್ಲ. ಅವಳ ಗುರುವಾರ ನಾನೇ ತೆಗೆದು ಕೊಟ್ಟೆ." ಆಮೇಲೆ ಊರಿನ ಕಡೆ ತಿರುಗಿದ. "ಕರೆದಾಗ ಬರದೋರಿಗೆ ನಮ್ಮಲ್ಲಿ ಏನು ಮಾಡ್ತೀವಿ, ಅದನ್ನ ಮಾಡಿ."

ಏನು ಮಾಡುತ್ತಾರೆಂದರೆ, ಏನೂ ಮಾಡುವುದಿಲ್ಲ. ಅಂಥವರ ಭಾರಕ್ಕೆ ಯಾರೂ ಕೈ ಕೊಡುವುದಿಲ್ಲ, ಅಷ್ಟೇ.

ನಾಲ್ವರು ಜನರೇಟರನ್ನು ಮೆಲ್ಲಗೆ ಇಳಿಸಿದರು. ತಂತಿ ಹಿಡಿದವರು ತಂತಿ ಬಿಟ್ಟರು. ನೊಮಲಿ ಬಿಳಿ ಹಲಗೆಯನ್ನು ಕೆಸರಿಗೆ ಚುಚ್ಚಿ ನಿಲ್ಲಿಸಿ ಅದರ ನೆರಳಿನಲ್ಲಿ ಕೂತಳು. ಅವಳ ಗಂಡ ದೋಣಿಯ ಹುಟ್ಟನ್ನು ತಲೆದಿಂಬು ಮಾಡಿಕೊಂಡು ಮಲಗಿದ.

"ಏನಣ್ಣ, ದೋಣಿ ಹೋಗಬೇಕಲ್ಲ," ಅಂದ ಕ್ಯಾಮೆರಾದವನು.

"ಇವತ್ತು ದೋಣಿಗೆ ಮೈ ಸರಿಯಿಲ್ಲ," ಅಂದ ಅವನು ಕಣ್ಣು ಮುಚ್ಚಿಕೊಂಡೇ.

ಜನರೇಟರ್ ಹೊರಲು ಎಂಟು ಕೈ ಬೇಕು. ಹೊಳೆಯವರೆಗೆ ಅರ್ಧ ಹರದಾರಿ ಕೆಸರು. ಹೊಳೆ ದಾಟಿದರೆ ಮಾತ್ರ ರಸ್ತೆ. ಸಿನಿಮಾದವರು ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೊತಿ ಅಂಗೈ ಚಾಚಿದವಳು ಚಾಚಿಯೇ ನಿಂತಿದ್ದಳು. ಇವರು ಬೆನ್ನು ತಿರುಗಿಸಿ ಹೋಗಿಬಿಟ್ಟರೆ ಊರಿನ ಮುಂದೆ ನಿಂತು ಬಾ ಅಂದವಳ ಮಾತು ಮಣ್ಣಾಗುತ್ತದೆ. ಸಸಿಯೂ ಮಣ್ಣಾಗುತ್ತದೆ. ಅದು ಅವಳಿಗೆ ಗೊತ್ತಿತ್ತು.

ಗದ್ದೆಯಲ್ಲೇ ನಿಂತಿದ್ದ ಅನ್ವೇಷಾ ಕೆಸರು ತುಳಿಯುತ್ತ ಬದುವಿನ ಹತ್ತಿರ ಬಂದಳು.

"ನನ್ನನ್ನ ಕರೆಯೋದಿಲ್ವಾ ನೀವು?" ಅಂದಳು. ಮಿಸಿಂನಲ್ಲೇ ಅಂದಳು. ಇಷ್ಟು ದಿನ ಸುಡುವ ಗೆಣಸು ಬಾಯಲ್ಲಿಟ್ಟುಕೊಂಡವಳ ಹಾಗೆ ಆ ಭಾಷೆ ಆಡುತ್ತಿದ್ದವಳು ಅವತ್ತು ಒಂದು ವಾಕ್ಯವನ್ನು ಸರಿಯಾಗಿ ಮುಗಿಸಿದಳು.

ಮಾಲೊತಿ ಅವಳಿಗೆ ಅಡಿಕೆ ಎಲೆ ಕೊಟ್ಟಳು. ಹುಡುಗಿ ಬಾಯಿಗೆ ಹಾಕಿಕೊಂಡು, ಹಸಿ ಅಡಿಕೆಯ ಸೊಕ್ಕಿಗೆ ಬೆವರಿ, ಕೆಮ್ಮಿ, ಆದರೂ ಅಗಿದಳು. ಬಗ್ಗಿ ಒಂದು ಕಟ್ಟು ಸಸಿ ಎತ್ತಿಕೊಂಡಳು.

ಕಾಕತಿ ಕುರ್ಚಿಯಿಂದ ಎದ್ದ. ಮುಖ ಗಂಟಿಕ್ಕಿತ್ತು. ಬೈಯುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಪ್ಯಾಂಟು ಮಡಿಸತೊಡಗಿದ.

"ಒಂದು ಅಡಿಕೆ ಮೂರು ಸಲ ಕೊಟ್ಟೋನು ನಾನೇ ಅಲ್ವಾ," ಅಂದ. "ಕೊಡಿ."

ಹೇಮಕಾಂತ ಕೊನೆಯವನು. ಬೂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಹತ್ತೂ ಜೇಬಿನಿಂದ ಸಾಮಾನು ತೆಗೆದು ಕುರ್ಚಿಯ ಮೇಲೆ ಇಡುತ್ತಿದ್ದಾಗ ನೊಮಲಿ, "ಇನ್ನೊಂದು ಜೇಬು ಐತೆ ನೋಡಪ್ಪ, ಅದ್ರಲ್ಲಿ ನಾಚಿಕೆ ಇಟ್ಟಿದ್ದೆ ಅನ್ಸುತ್ತೆ," ಅಂದಳು.

ಹನ್ನೊಂದು ಜನರೂ ಇಳಿದರು. ಕ್ಯಾಮೆರಾದವನು ಸಸಿಯನ್ನು ಬಾಣಂತಿ ಮಗು ಹಿಡಿದ ಹಾಗೆ ಹಿಡಿದ. ಮೇಕಪ್ಪಿನವನು ಹತ್ತೇ ನಿಮಿಷದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಅವನು ನಲ್‌ಬಾರಿ ಕಡೆಯ ರೈತನ ಮಗನಂತೆ, ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಧ್ವನಿ ಹಿಡಿಯುವವನು ಹಿಂದಕ್ಕೆ ಹೆಜ್ಜೆಯಿಡುತ್ತ ತಾನು ನೆಟ್ಟದ್ದರ ಮೇಲೆ ತಾನೇ ಕೂತುಬಿಟ್ಟ. ಕಾಕತಿಯ ಸಾಲು ಹೊಳೆಯ ಹಾಗೆ ಹೊರಳಿತು.

"ಸರ್, ಬೆರಳಲ್ಲಿ ಒತ್ತಿ ಬಿಡಬೇಕು, ಹೂಳಬಾರದು," ಎಂದು ಮಾಲೊತಿ ಪಕ್ಕದಿಂದ ಹೇಳಿಕೊಟ್ಟಳು. "ಹಾಂ. ಹಂಗೆ. ಸೊಂಟ ನೋಯ್ತಿದ್ಯಾ?"

"ನೋಯ್ತಿದೆ."

"ನೋಯ್ಲಿ. ಇನ್ನೊಂದು ಸಲ."

ಊರಿಗೆ ನಗು ತಡೆಯಲಾಗಲಿಲ್ಲ. ಕಾಕತಿಯೂ ಬಗ್ಗಿಕೊಂಡೇ ನಕ್ಕ. ಸ್ವಲ್ಪ ಹೊತ್ತು ಬದುವಿನ ಮೇಲೆ ಕೂತು ನೋಡಿದ ಊರವರು ಆಮೇಲೆ ಕೂತಿರಲಾರದೆ ಒಬ್ಬೊಬ್ಬರಾಗಿ ಇಳಿದರು. ಅವಳು ಎಲ್ಲರ ಗದ್ದೆಯಲ್ಲೂ ಬಗ್ಗಿದ್ದಳು. ನೊಮಲಿ ಹಾಡು ಎತ್ತಿಕೊಂಡಳು. ಸಿನಿಮಾದಲ್ಲಿ ಹಾಡಿಸಿದ ಹಾಡಲ್ಲ, ಗಂಡಸರು ಕೇಳಿಸಿಕೊಂಡರೂ ಕೇಳಿಸದ ಹಾಗೆ ಇರಬೇಕಾದ ನಾಟಿಯ ಹಾಡು. ಸಿನಿಮಾದವರಲ್ಲಿ ಹೇಮಕಾಂತನಿಗೆ ಮಾತ್ರ ಅರ್ಥವಾಗಿ ಕಿವಿ ಕೆಂಪಾಯಿತು. ಕ್ಯಾಮೆರಾ ಪೆಟ್ಟಿಗೆಯೊಳಗೆ ಇತ್ತು. ಯಾರಿಗೂ ಅದರ ನೆನಪಾಗಲಿಲ್ಲ.

ಮುಯ್ಯಾಳಿಗೆ ಬಂದವರಿಗೆ ಉಣ್ಣಲು ಇಡಬೇಕು. ಮಾಲೊತಿಯಲ್ಲಿ ಹಂದಿ ಇರಲಿಲ್ಲ. ನೊಮಲಿ ಎರಡು ಕೋಳಿ ತಂದಳು, ಗಾಂವ್‌ಬುರಾನ ಮನೆಯಿಂದ ಒಣಮೀನು ಬಂತು, ಮನೆಮನೆಯಿಂದ ಆಪೊಂಗ್ ಬಂತು. ಸಂಜೆ ಅವಳ ಮನೆಯ ಒಲೆಯ ಸುತ್ತ ಸಿನಿಮಾದವರು ಚಕ್ಕಳಮಕ್ಕಳ ಹಾಕಿ ಕೂತರು. ಕೂತವರಿಗೆ ಏಳಲಾಗಲಿಲ್ಲ, ಸೊಂಟ ಹಿಡಿದಿತ್ತು. ಊರವರು, ಅವರು, ಎಲ್ಲರೂ ಒಟ್ಟಿಗೆ ಉಂಡರು. ಮಾಲೊತಿ ಬಡಿಸಿದಳು. ಅವಳ ಕೈ ಅವಳದೇ ಬಣ್ಣಕ್ಕೆ ಬಂದಿತ್ತು.

"ಕೂಲಿ ವಿಷಯ," ಅಂದಳು ಕಾಕತಿಯ ಎಲೆಗೆ ಅನ್ನ ಹಾಕುತ್ತ.

"ಆಫೀಸಿನಿಂದ ಕಳಿಸ್ತೀವಿ."

"ಬರೆದುಕೊಡಿ."

ಬರೆದುಕೊಟ್ಟ.

ಭಾನುವಾರ ನಡುಹಗಲಿಗೆ ನಾಟಿ ಮುಗಿಯಿತು. ಆಮೇಲೆಯೇ ದೋಣಿಯ ಮೈ ಸರಿಹೋಯಿತು, ಜನರೇಟರ್ ಎದ್ದಿತು. ಮಂಗಳವಾರ ಸಿನಿಮಾದವರು ಹೊರಟುಹೋದರು. ನಾಟಿಯ ದೃಶ್ಯ ತೆಗೆಯಲು ಅವರಿಗೆ ದಿನ ಉಳಿಯಲಿಲ್ಲ. ಸಿನಿಮಾ ಧೇಮಾಜಿಯಲ್ಲಿ ಒಂದು ವಾರ ಓಡಿತು. ನೋಡಿಬಂದವರು ಚೆನ್ನಾಗಿದೆ ಅಂದರು. ಅದರಲ್ಲಿ ಮಾಲೊತಿಯ ಕೈ ಇದೆ, ಹೆಸರು ಇಲ್ಲ. ಕಾಕತಿ ಬರೆದುಕೊಟ್ಟ ಚೀಟಿ ಹಿಡಿದು ಅವಳು ಎರಡು ಸಲ ಹೇಮಕಾಂತನ ಮನೆಯ ಬಾಗಿಲಿಗೆ ಹೋದಳು. ಕೂಲಿ ಬರಲಿಲ್ಲ.

ಸಸಿ ಹಾಳಾದದ್ದು ನಾಲ್ಕು ಕಟ್ಟು. ಅದರಿಂದ ಮೂಲೆಯಲ್ಲಿ ಒಂದು ಅಂಗಳದಷ್ಟು ಜಾಗ ನೆಡದೆ ಬೋಳಾಗಿ ಉಳಿಯಿತು. ಮಿಕ್ಕ ಗದ್ದೆಯಲ್ಲಿ ಮಾರ್ಗಶಿರದ ಹೊತ್ತಿಗೆ ವರ್ಷದ ಊಟಕ್ಕಾಗುವ ಹದಿನೆಂಟು ಮೂಟೆ ಭತ್ತ ಬಂತು.